ಕೆಲಸ ಕಿತ್ತುಕೊಂಡದ್ದು ಎಐ ಒಂದೇ ಅಲ್ಲ: ಐಟಿ ಕಂಪನಿಗಳ ‘ಬೆಂಚ್’ ಲೆಕ್ಕ ಗೊತ್ತೇ?

ಐಟಿ ಕಂಪನಿಯೊಂದು ಉದ್ಯೋಗಿಗಳನ್ನು ಮನೆಗೆ ಕಳಿಸಿದೆ ಎಂಬ ಸುದ್ದಿ ಬಂದರೆ ಸಾಕು, ಅದರ ಎರಡನೇ ಸಾಲಿನಲ್ಲಿ ಎಐ ಇದ್ದೇ ಇರುತ್ತದೆ. 2025ರ ಜುಲೈ 27ರಂದು ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಹೇಳಿದಾಗಲೂ ಹಾಗೇ ಆಯಿತು. ಅಂದು ಭಾನುವಾರ. ಸಂಜೆಯಷ್ಟರಲ್ಲಿ ಪುಣೆ, ಹೈದರಾಬಾದ್, ಚೆನ್ನೈನಲ್ಲಿರುವ ನಮ್ಮಂಥವರಿಗೆ ಊರಿನಿಂದ ಫೋನ್ ಮೇಲೆ ಫೋನ್. ‘ನಿಂದೇನೂ ತೊಂದ್ರೆ ಇಲ್ವಲ್ಲ?’

ಕಂಪನಿಯ ಸಿಇಒ ಕೆ. ಕೃತಿವಾಸನ್ ಇದಕ್ಕೆ ಎಐ ಕಾರಣವಲ್ಲ ಎಂದರು. ಕೆಲವರ ಕೌಶಲಕ್ಕೆ ಹೊಂದುವ ಕೆಲಸ ಕೊಡಲು ಆಗುತ್ತಿಲ್ಲ ಎಂಬುದು ಅವರ ವಿವರಣೆ. ಅದನ್ನು ನಂಬಿದವರು ಕಡಿಮೆ. ಹದಿನೆಂಟು ವರ್ಷ ಇದೇ ಉದ್ಯಮದಲ್ಲಿರುವ ನಾನು ಅರ್ಧ ನಂಬಿದೆ. ಯಾಕೆಂದರೆ ಹೊರಡಬೇಕಾದವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಎಐ ಮೊದಲು ನುಂಗುವುದು ಹೊಸಬರು ಮಾಡುವ ಸಣ್ಣಪುಟ್ಟ ಕೋಡಿಂಗ್, ಟೆಸ್ಟಿಂಗ್ ಕೆಲಸಗಳನ್ನು. ಹಾಗಿದ್ದರೆ ಹದಿನೈದು ವರ್ಷ ಅನುಭವ ಇದ್ದವರು ಏಕೆ ಮೊದಲು ಹೋದರು? ಉತ್ತರ ಸಿಗಬೇಕಾದರೆ ಈ ಕಂಪನಿಗಳು ಏನನ್ನು ಮಾರುತ್ತವೆ ಎಂಬುದನ್ನು ನೋಡಬೇಕು.

ಮಾರುವುದು ಸಾಫ್ಟ್‌ವೇರ್ ಅಲ್ಲ, ಗಂಟೆ

ನಮ್ಮ ದೊಡ್ಡ ಐಟಿ ಸೇವಾ ಕಂಪನಿಗಳ ಮುಖ್ಯ ಆದಾಯ ಸಾಫ್ಟ್‌ವೇರ್ ಮಾರಾಟದಿಂದ ಬರುವುದಿಲ್ಲ. ಅಮೆರಿಕದ ಬ್ಯಾಂಕೋ ಯುರೋಪಿನ ವಿಮಾ ಕಂಪನಿಯೋ ಕೊಡುವ ಕೆಲಸಕ್ಕೆ ಜನರನ್ನು ಹಚ್ಚಿ, ಅವರು ದುಡಿದ ಗಂಟೆಗೆ ಇಂತಿಷ್ಟು ಎಂದು ಬಿಲ್ ಮಾಡುವುದು ಹಳೆಯ ಪದ್ಧತಿ. ಒಟ್ಟು ಕೆಲಸಕ್ಕೆ ಒಂದೇ ಬೆಲೆ ಎಂಬ ಗುತ್ತಿಗೆಗಳೂ ಈಗ ಬಹಳ ಇವೆ. ಆದರೆ ಆ ಬೆಲೆ ಕಟ್ಟುವಾಗಲೂ ಒಳಗೆ ನಡೆಯುವುದು ತಲೆಯೆಣಿಕೆಯೇ.

ಪ್ರಾಜೆಕ್ಟ್ ಇಲ್ಲದೆ, ಯಾವ ಕ್ಲೈಂಟ್‌ಗೂ ಬಿಲ್ ಆಗದೆ, ಸಂಬಳ ಮಾತ್ರ ಪಡೆಯುತ್ತಾ ಇರುವ ಸ್ಥಿತಿಗೆ ‘ಬೆಂಚ್’ ಎನ್ನುತ್ತಾರೆ. ಸ್ಟ್ಯಾಂಡಿನಲ್ಲಿ ನಿಂತ ಆಟೋ ನೆನಪಿಸಿಕೊಳ್ಳಿ: ಮೀಟರ್ ಓಡುತ್ತಿಲ್ಲ, ಸಾಲದ ಕಂತು ಮಾತ್ರ ಓಡುತ್ತಿದೆ. ಹಿಂದೆಲ್ಲ ಬೆಂಚ್ ಎಂದರೆ ಹೊಸದೇನಾದರೂ ಕಲಿಯಲು, ಮದುವೆಗೆ ಓಡಾಡಲು ಸಿಕ್ಕ ಬಿಡುವು. ತಿಂಗಳುಗಟ್ಟಲೆ ಕೂತವರೂ ಇದ್ದರು.

2025ರ ಜೂನ್‌ನಲ್ಲಿ ಟಿಸಿಎಸ್ ತಂದ ನಿಯಮದ ಪ್ರಕಾರ ಒಬ್ಬ ಉದ್ಯೋಗಿ ವರ್ಷಕ್ಕೆ ಕನಿಷ್ಠ 225 ದಿನ ಬಿಲ್ ಆಗಬೇಕು, ಬೆಂಚ್ 35 ದಿನ ಮೀರಬಾರದು. ವಾರಕ್ಕೆ ಐದು ದಿನದಂತೆ 52 ವಾರಕ್ಕೆ 260 ದಿನ. ಅದರಲ್ಲಿ 225 ಕಳೆದರೆ ಉಳಿಯುವುದು ಸರಿಯಾಗಿ 35. ನಿಯಮ ಬಂದ ಮರುತಿಂಗಳೇ 12 ಸಾವಿರದ ಸುದ್ದಿ ಬಂತು. ಪತ್ರಿಕೆಗಳಲ್ಲಿ ಎರಡೂ ಬೇರೆ ಬೇರೆ ಸುದ್ದಿಗಳಾಗಿ ಬಂದವು. ನನ್ನ ಲೆಕ್ಕದಲ್ಲಿ ಅವು ಒಂದೇ ಸುದ್ದಿಯ ಎರಡು ಕಂತು.

ಹಿರಿಯರೇ ಏಕೆ?

ಲೆಕ್ಕ ಅರ್ಥವಾಗಲಿ ಎಂದು ನಾನೇ ಕೆಲವು ಸಂಖ್ಯೆ ಹಾಕಿಕೊಳ್ಳುತ್ತೇನೆ. ಕ್ಲೈಂಟ್ ಒಂದು ಹುದ್ದೆಗೆ ಗಂಟೆಗೆ 25 ಡಾಲರ್ ಕೊಡುತ್ತಾನೆ ಎನ್ನಿ. ದಿನಕ್ಕೆ ಎಂಟು ಗಂಟೆಗೆ 200 ಡಾಲರ್, ಡಾಲರ್‌ಗೆ 85 ರೂಪಾಯಿಯಂತೆ 17 ಸಾವಿರ ರೂಪಾಯಿ. 225 ದಿನಕ್ಕೆ 38 ಲಕ್ಷದ 25 ಸಾವಿರ. ಆ ಹುದ್ದೆಯಲ್ಲಿ ಆರು ವರ್ಷ ಅನುಭವದ, ವರ್ಷಕ್ಕೆ 12 ಲಕ್ಷ ಸಂಬಳದ ಹುಡುಗಿಯನ್ನು ಕೂರಿಸಿದರೆ ಕಂಪನಿಗೆ 26 ಲಕ್ಷ ಉಳಿಯುತ್ತದೆ. ಅದೇ ಜಾಗಕ್ಕೆ ಹದಿನೈದು ವರ್ಷ ಅನುಭವದ, 30 ಲಕ್ಷ ಸಂಬಳದವರು ಬಂದರೆ ಉಳಿಯುವುದು ಎಂಟು ಲಕ್ಷ. ಕಚೇರಿ ಬಾಡಿಗೆ, ಕ್ಯಾಬ್, ವಿಮೆ ಎಲ್ಲ ಅದರಲ್ಲೇ ಆಗಬೇಕು. ಆ ಹಿರಿಯರು ಇನ್ನೂ 35 ದಿನ ಹೆಚ್ಚು ಬೆಂಚ್‌ನಲ್ಲಿ ಕೂತರೆ ಆರು ಲಕ್ಷದಷ್ಟು ಆದಾಯ ಖೋತಾ, ಬಾಕಿ ಎರಡೂಕಾಲು ಲಕ್ಷ. ಕ್ಲೈಂಟ್‌ಗೆ ಬೇಕಾದದ್ದು ಆ ಹುದ್ದೆಯ ಕೆಲಸ. ನಿಮ್ಮ ಅನುಭವ ಅವನ ಬಿಲ್ಲಿನಲ್ಲಿ ಕಾಣುವುದಿಲ್ಲ.

ಅದಕ್ಕೇ ಈ ಕಂಪನಿಗಳು ಪಿರಮಿಡ್ ಆಕಾರವನ್ನು ಜೋಪಾನ ಮಾಡುತ್ತವೆ: ಕೆಳಗೆ ಕಡಿಮೆ ಸಂಬಳದ ಹೊಸಬರು ಬಹಳ, ಮೇಲೆ ಹೋದಂತೆ ಕಡಿಮೆ ಜನ. ಹದಿನೈದು ವರ್ಷದ ಹಿಂದೆ ದೊಡ್ಡ ಕಂಪನಿಗಳು ಫ್ರೆಶರ್‌ಗೆ ಕೊಡುತ್ತಿದ್ದದ್ದು ವರ್ಷಕ್ಕೆ ಮೂರು-ಮೂರೂಕಾಲು ಲಕ್ಷ. ಸಾಮಾನ್ಯ ನೇಮಕಾತಿಯಲ್ಲಿ ಈಗಲೂ ಅದು ಮೂರೂವರೆ ಲಕ್ಷದ ಆಸುಪಾಸು. ಪುಣೆಯಲ್ಲಿ ಹಿಂಜವಡಿ ಸುತ್ತಮುತ್ತಲ ಬಾಡಿಗೆ ಹಾಗೆ ನಿಂತಲ್ಲೇ ನಿಂತಿಲ್ಲ ಅನ್ನುವುದನ್ನು ನಾನು ಬೇರೆ ಹೇಳಬೇಕೇ?

ಕೆಳಗಿನಿಂದ ಜನ ಬರುವುದು ನಿಂತರೆ ಪಿರಮಿಡ್ ಹೊಟ್ಟೆ ಉಬ್ಬುತ್ತದೆ. ಆಗಿರುವುದು ಅದೇ. ಕೋವಿಡ್ ಕಾಲದಲ್ಲಿ ಎಲ್ಲ ವ್ಯವಹಾರವೂ ಆನ್‌ಲೈನ್‌ಗೆ ಬಂದಾಗ ಕಂಪನಿಗಳು ಮುಗಿಬಿದ್ದು ನೇಮಕ ಮಾಡಿದವು. 2021-22ರ ಒಂದೇ ಹಣಕಾಸು ವರ್ಷದಲ್ಲಿ ಟಿಸಿಎಸ್ ಸಿಬ್ಬಂದಿ 1,03,546ರಷ್ಟು ಹೆಚ್ಚಿತು. ಕೆಲಸ ಬಿಟ್ಟು ಹೋಗುವವರೂ ಅಷ್ಟೇ ಇದ್ದರು. ಇನ್ಫೊಸಿಸ್‌ನಲ್ಲಿ ಆ ಪ್ರಮಾಣ 2022ರ ಜೂನ್ ಹೊತ್ತಿಗೆ ಶೇ. 28 ದಾಟಿತ್ತು. ಉಳಿಸಿಕೊಳ್ಳಲು ಮಧ್ಯಮ ಹಂತದವರಿಗೆ ಬಡ್ತಿ, ಸಂಬಳ ಏರಿಕೆ ಧಾರಾಳವಾಗಿ ಸಿಕ್ಕಿತು.

ಆಮೇಲೆ ಅಮೆರಿಕದಲ್ಲಿ ಬಡ್ಡಿದರ ಶೇ. 5 ದಾಟಿತು, ಅಲ್ಲಿನ ಕ್ಲೈಂಟ್‌ಗಳು ಖರ್ಚಿಗೆ ಕತ್ತರಿ ಹಾಕಿದರು. 2023-24ರಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೋ ಮೂರರ ಸಿಬ್ಬಂದಿ ಸೇರಿ ಸುಮಾರು 64 ಸಾವಿರ ಇಳಿಯಿತು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಮರುವರ್ಷ ದೊಡ್ಡ ಬ್ಯಾಂಕ್‌ಗಳು ಅದನ್ನು ಕಚೇರಿಯ ಕಂಪ್ಯೂಟರ್‌ಗಳಲ್ಲಿ ಬ್ಲಾಕ್ ಮಾಡುತ್ತಿದ್ದವೇ ಹೊರತು ಅದರ ಕೈಗೆ ಕೆಲಸ ಕೊಟ್ಟಿರಲಿಲ್ಲ. ಆ 64 ಸಾವಿರಕ್ಕೆ ಎಐಯನ್ನು ಹೊಣೆ ಮಾಡುವುದು ಕಷ್ಟ.

ಹಾಗಾದರೆ ಎಐ ನಿರಪರಾಧಿಯೇ?

ಅಲ್ಲ. ಆದರೆ ಅದು ಹೊಡೆಯುವ ಜಾಗ ಬೇರೆ. ಗುತ್ತಿಗೆ ನವೀಕರಣದ ಸಭೆಗಳಲ್ಲಿ ಕ್ಲೈಂಟ್ ಈಗ ಕೇಳುವ ಮೊದಲ ಪ್ರಶ್ನೆ: ‘ನಿಮ್ಮವರು ಎಐ ಬಳಸುತ್ತಾರಲ್ಲ, ಹತ್ತು ಜನ ಮಾಡುವುದನ್ನು ಏಳು ಜನ ಮಾಡಬಹುದಲ್ಲ? ಆ ಉಳಿತಾಯದಲ್ಲಿ ನಮ್ಮ ಪಾಲೆಷ್ಟು?’ ಗಂಟೆ ಮಾರಿ ಬದುಕುವವನಿಗೆ ಕೆಲಸ ಬೇಗ ಮುಗಿಯುವುದೇ ನಷ್ಟ. ಹತ್ತರಲ್ಲಿ ಮೂವರು ನಿಜವಾಗಿ ಬೇಡವಾದರೋ ಇಲ್ಲವೋ, ಮೂವರ ಬಿಲ್ ಅಂತೂ ನಿಲ್ಲುತ್ತದೆ, ಉಳಿದ ಏಳು ಮಂದಿ ರಾತ್ರಿ ಹನ್ನೊಂದರವರೆಗೆ ಕೂರುತ್ತಾರೆ. ಎಐ ಬರೆದ ಕೋಡ್ ಓದಿ ತಪ್ಪು ಹುಡುಕುವುದಕ್ಕೂ ಸಮಯ ಬೇಕು ಎಂಬುದು ಆ ಸಭೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಇದಕ್ಕಿಂತ ಸದ್ದಿಲ್ಲದೆ ನಡೆಯುತ್ತಿರುವುದು ಇನ್ನೊಂದು. ವಿದೇಶಿ ಕಂಪನಿಗಳು ಮಧ್ಯವರ್ತಿ ಬೇಡವೆಂದು ಇಲ್ಲೇ ಸ್ವಂತ ಕೇಂದ್ರ ತೆರೆಯುತ್ತಿವೆ. ಜಿಸಿಸಿ ಎಂದು ಕರೆಯುವ ಇಂಥ ಕೇಂದ್ರಗಳು 2024ರ ಹೊತ್ತಿಗೆ ದೇಶದಲ್ಲಿ 1,700ಕ್ಕೂ ಹೆಚ್ಚಿದ್ದವು, ಸುಮಾರು 19 ಲಕ್ಷ ಜನ ಅಲ್ಲಿ ದುಡಿಯುತ್ತಿದ್ದರು. ಬೆಂಗಳೂರಿನಲ್ಲೇ ಅತಿ ಹೆಚ್ಚು, ಆಮೇಲೆ ಹೈದರಾಬಾದ್. ಅಲ್ಲಿ ಗಂಟೆಯ ಬಿಲ್ ಇಲ್ಲ, ಒಬ್ಬರ ಬಳಿ ಆ ಬ್ಯಾಂಕಿನ ವ್ಯವಹಾರದ ತಿಳಿವಳಿಕೆ ಎಷ್ಟಿದೆ ಎಂಬುದಕ್ಕೆ ಬೆಲೆ. ಇಪ್ಪತ್ತು ವರ್ಷ ಹತ್ತು ಕ್ಲೈಂಟ್‌ಗಳಿಗೆ ಸ್ಟೇಟಸ್ ರಿಪೋರ್ಟ್ ಕಳಿಸಿದವರಿಗೆ ಈ ಬಾಗಿಲು ಸುಲಭಕ್ಕೆ ತೆರೆಯದು. ಒಂದೇ ಕ್ಷೇತ್ರವನ್ನು, ಅದು ವಿಮೆಯೋ ಪಾವತಿ ವ್ಯವಸ್ಥೆಯೋ ಆಗಲಿ, ಆಳವಾಗಿ ಬಲ್ಲವರು ನಲವತ್ತೈದರಲ್ಲೂ ಅಲ್ಲಿ ಸೇರಿದ್ದನ್ನು ಕಂಡಿದ್ದೇನೆ.

ಎಚ್‌ಆರ್ ಕರೆದಾಗ

ಕಂಪನಿಗಳು ‘ವಜಾ’ ಎಂಬ ಪದವನ್ನು ಬಹುತೇಕ ಬಳಸುವುದಿಲ್ಲ. ಕೋಣೆಗೆ ಕರೆದು, ನೀವೇ ರಾಜೀನಾಮೆ ಕೊಟ್ಟರೆ ಮುಂದಿನ ಕೆಲಸಕ್ಕೆ ತೊಡಕಾಗದು ಎನ್ನುತ್ತಾರೆ. ಕೈಕಾಲು ತಣ್ಣಗಾದ ಹೊತ್ತಲ್ಲಿ ಹೆಚ್ಚಿನವರು ಲ್ಯಾಪ್‌ಟಾಪ್ ತೆರೆದು ಅಲ್ಲೇ ಮೇಲ್ ಕಳಿಸಿಬಿಡುತ್ತಾರೆ. ಆ ಮೇಲ್‌ನ ಬೆಲೆ ದೊಡ್ಡದು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಂತೆ, ಒಂದು ವರ್ಷವಾದರೂ ಸತತ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಕೊಡಬೇಕು. ಇದಲ್ಲದೆ ಹೊಸ ಕೌಶಲ ಕಲಿಕೆಯ ನಿಧಿಯಿಂದ 15 ದಿನದ ವೇತನ 45 ದಿನದೊಳಗೆ ಖಾತೆಗೆ ಬರಬೇಕು. ಸ್ವತಃ ರಾಜೀನಾಮೆ ಕೊಟ್ಟವರಿಗೆ ಇದ್ಯಾವುದೂ ಇಲ್ಲ.

‘ನೀವು ಮ್ಯಾನೇಜರ್, ಕಾರ್ಮಿಕ ಕಾನೂನು ನಿಮಗಲ್ಲ’ ಎಂಬ ಮಾತು ಆ ಕೋಣೆಯಲ್ಲಿ ಬರುತ್ತದೆ. ಆಡಳಿತದ ಹೊಣೆ ಹೊತ್ತವರು ಈ ಕಾನೂನಿನ ಹೊರಗೆ ಇರುವುದು ನಿಜ. ತಿಂಗಳಿಗೆ 18 ಸಾವಿರ ಮೀರಿದ ವೇತನದ ಮೇಲ್ವಿಚಾರಕರೂ ಹೊರಗೆ. ಆದರೆ ನ್ಯಾಯಾಲಯಗಳು ನೋಡುತ್ತಾ ಬಂದಿರುವುದು ಹುದ್ದೆಯ ಹೆಸರನ್ನಲ್ಲ, ಆ ವ್ಯಕ್ತಿ ಮುಖ್ಯವಾಗಿ ಮಾಡುತ್ತಿದ್ದ ಕೆಲಸವನ್ನು. ವಿಸಿಟಿಂಗ್ ಕಾರ್ಡ್‌ನಲ್ಲಿ ಮ್ಯಾನೇಜರ್ ಎಂದಿದ್ದರೂ ದಿನವಿಡೀ ಕೋಡ್ ಬರೆಯುವವರು, ಯಾರ ರಜೆಯನ್ನೂ ಮಂಜೂರು ಮಾಡದವರು, ಯಾರನ್ನೂ ನೇಮಿಸುವ ಅಧಿಕಾರ ಇಲ್ಲದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಅಂಥವರು ಸಹಿ ಹಾಕುವ ಮುನ್ನ ಎರಡು ದಿನ ಸಮಯ ಕೇಳಿ, ನೇಮಕಾತಿ ಪತ್ರ ಮತ್ತು ಕಳೆದ ಎರಡು-ಮೂರು ವರ್ಷದ ಅಪ್ರೈಸಲ್ ಪತ್ರಗಳೊಂದಿಗೆ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಬಹುದು. ಕೆಲಸ ಹೋದ ಕ್ಷಣ ಕಂಪನಿ ಮೇಲ್ ಬಂದ್ ಆಗುತ್ತದೆ. ಆ ಪತ್ರಗಳ ಪ್ರತಿ ಮನೆಯಲ್ಲಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.