ಒಂದು ಕೂಸಿಗೆ ಮೂವರು ತಾಯಂದಿರು

ಗುಜರಾತಿನ ಆಣಂದ್ ಎಂದರೆ ನಮಗೆಲ್ಲ ನೆನಪಾಗುವುದು ಅಮುಲ್ ಬೆಣ್ಣೆ. ಅದೇ ಊರಿನಲ್ಲಿ 2008ರ ಜುಲೈ 25ರಂದು ಹುಟ್ಟಿದ ಹೆಣ್ಣುಕೂಸೊಂದು ಎರಡು ದೇಶಗಳ ಕಾನೂನು ಬಲ್ಲವರನ್ನು ಮೂರು ತಿಂಗಳು ಪೇಚಿಗೆ ಸಿಲುಕಿಸಿತು. ಕೂಸಿನ ಹೆಸರು ಮಾಂಜಿ. ಮಗು ಬೇಕೆಂದು ಬಂದವರು ಜಪಾನಿನ ದಂಪತಿ. ವೀರ್ಯಾಣು ಗಂಡನದು. ಅಂಡಾಣು ಹೆಂಡತಿಯದಲ್ಲ, ಹೆಸರು ಹೇಳದ ದಾನಿಯೊಬ್ಬಳದು. ಹೊತ್ತು ಹೆತ್ತವಳು ಭಾರತದ ಹೆಣ್ಣುಮಗಳು. ಕೂಸು ಹುಟ್ಟುವ ಮೊದಲೇ ದಂಪತಿ ವಿಚ್ಛೇದನ ಪಡೆದರು. ಹೆಂಡತಿಯಾಗಿದ್ದವಳಿಗೆ ಮಗು ಬೇಡವಾಯಿತು. ದಾನಿಯ ಪಾತ್ರ ಅಂಡಾಣು ಕೊಟ್ಟಲ್ಲಿಗೆ ಮುಗಿದಿತ್ತು, ಹೆತ್ತವಳ ಒಪ್ಪಂದ ಹೆರಿಗೆಯೊಂದಿಗೆ ಮುಗಿಯಿತು. ತಾಯಿ ಎನ್ನಬಹುದಾದವರು ಮೂವರು. ಎತ್ತಿಕೊಳ್ಳಲು ಒಬ್ಬರೂ ಇಲ್ಲ!

ತಂದೆಗೇನೋ ಮಗು ಬೇಕಿತ್ತು. ಆದರೆ ಜಪಾನಿನ ಕಾನೂನಿಗೆ ಹೆತ್ತವಳೇ ತಾಯಿ. ಹೆತ್ತವಳು ಭಾರತೀಯಳಾದ್ದರಿಂದ ಅಲ್ಲಿನ ಪಾಸ್‌ಪೋರ್ಟ್ ಸಿಗಲಿಲ್ಲ. ಭಾರತದ ಕಾಗದಪತ್ರಗಳಲ್ಲಿ ತಾಯಿಯೆಂದು ಯಾರ ಹೆಸರು ಬರೆಯುವುದು? ದತ್ತು ಪಡೆಯೋಣವೆಂದರೆ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡಲು ಇಲ್ಲಿನ ನಿಯಮ ಅಡ್ಡಬಂತು. ವೀಸಾ ಮುಗಿದು ತಂದೆ ತನ್ನ ದೇಶಕ್ಕೆ ಮರಳಿದ. ವಯಸ್ಸಾದ ಅಜ್ಜಿ ಜಪಾನಿನಿಂದ ಬಂದು ಭಾಷೆ ತಿಳಿಯದ ಊರಿನಲ್ಲಿ ಮೊಮ್ಮಗಳ ಆರೈಕೆಗೆ ನಿಂತರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ನವೆಂಬರಿನಲ್ಲಿ ತಾಯಿಯ ಹೆಸರೂ ಇಲ್ಲದ, ದೇಶದ ಹೆಸರೂ ಇಲ್ಲದ ಗುರುತಿನ ಪತ್ರವೊಂದು ಸಿದ್ಧವಾಯಿತು. ಜಪಾನ್ ಸರ್ಕಾರ ಮಾನವೀಯತೆಯ ಮೇಲೆ ವೀಸಾ ಕೊಟ್ಟಿತು. ಕೂಸು ಅಜ್ಜಿಯ ಜೊತೆ ವಿಮಾನ ಹತ್ತಿತು.

ಯಾರಿಂದ ಏನು ಬರುತ್ತದೆ?

‘ಸಾರ್, ಹೊತ್ತವಳ ಬಣ್ಣ ಮಗುವಿಗೆ ಬರುತ್ತದೆಯೇ?’ ಸಂತಾನೋತ್ಪತ್ತಿಯ ಪಾಠ ಬಂದಾಗ ಮಕ್ಕಳು ಕೇಳುವ ಪ್ರಶ್ನೆ ಇದು. ದೊಡ್ಡವರಲ್ಲೂ ಅನೇಕರಿಗೆ ಇದೇ ಸಂಶಯ. ಬರುವುದಿಲ್ಲ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ. 23 ಅಂಡಾಣುವಿನಿಂದ, 23 ವೀರ್ಯಾಣುವಿನಿಂದ. ಬಣ್ಣ, ಮೂಗು, ರಕ್ತದ ಗುಂಪು ಎಲ್ಲದರ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಅಂಡಾಣು ಇನ್ನೊಂದು ಪುಟ್ಟ ಗಂಟನ್ನೂ ತರುತ್ತದೆ: ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಮತ್ತು ಅದರೊಳಗಿನ 37 ಜೀನುಗಳು. ಇವು ಬರುವುದು ಅಂಡಾಣು ಕೊಟ್ಟವಳಿಂದ ಮಾತ್ರ.

ಹಾಗಾದರೆ ಹೊತ್ತವಳು ಬರೀ ಪಾತ್ರೆಯೇ? ಹಾಗೆನ್ನುವವರು ಮಾಸು ಎಂಬ ಅದ್ಭುತ ಅಂಗವನ್ನು ಮರೆತಿದ್ದಾರೆ. ತಾಯಿಯ ರಕ್ತ ಮತ್ತು ಮಗುವಿನ ರಕ್ತ ಅಲ್ಲಿ ಬೆರೆಯುವುದಿಲ್ಲ; ನಡುವೆ ತೆಳುವಾದ ಪರದೆ. ಆ ಪರದೆಯ ಮೂಲಕವೇ ಆಮ್ಲಜನಕ, ಗ್ಲೂಕೋಸ್, ರೋಗನಿರೋಧಕ ವಸ್ತುಗಳು ದಾಟಿ ಬರುತ್ತವೆ. ಹೊತ್ತವಳು ಉಂಡಿದ್ದರಲ್ಲಿ ಮಗುವಿನ ಪಾಲಿದೆ. ಅವಳ ರಕ್ತಹೀನತೆ, ಸಕ್ಕರೆ ಕಾಯಿಲೆ ಮಗುವಿನ ತೂಕವನ್ನು ಬದಲಿಸುತ್ತವೆ. ಇನ್ನೂ ಒಂದು ಸೋಜಿಗ: ಮಗುವಿನ ಕೆಲವು ಜೀವಕೋಶಗಳು ಮಾಸನ್ನು ದಾಟಿ ಹೊತ್ತವಳ ಮೈ ಸೇರುತ್ತವೆ. ಗಂಡುಮಗು ಹೆತ್ತ 27 ವರ್ಷಗಳ ಮೇಲೂ ತಾಯಿಯ ರಕ್ತದಲ್ಲಿ ಅಂಥ ಕೋಶಗಳು ಸಿಕ್ಕಿದ್ದನ್ನು 1996ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ‘ಬಾಡಿಗೆ ತಾಯಿ’ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿಬಿಟ್ಟಿದೆ. ನನಗಂತೂ ಅದು ಹಿಡಿಸುವುದಿಲ್ಲ. ಬಾಡಿಗೆ ಮನೆ ಬಿಟ್ಟುಹೋದವನು ಗೋಡೆಯೊಳಗೆ ಉಳಿಯುವುದುಂಟೇ?

ದೇವಕಿಯ ಗರ್ಭದಲ್ಲಿದ್ದ ಬಲರಾಮ ರೋಹಿಣಿಯ ಗರ್ಭ ಸೇರಿದ ಕಥೆ ನಮಗೆಲ್ಲ ಗೊತ್ತು. ಅದನ್ನೇ ಹಿಡಿದು ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವವರಿಗೆ ಒಂದು ಮಾತು. ಹೆಮ್ಮೆಪಡಲು ನಿಜವಾಗಿ ನಡೆದದ್ದೇ ಇದೆ. ಪ್ರಪಂಚದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ನಾವೇನು ಮಾಡಿದೆವು? ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ. ನೊಂದ ಆ ವೈದ್ಯರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ 1986ರ ಮುಂಬಯಿ ಪ್ರಯೋಗಕ್ಕೆ ಸಂದಿತ್ತು. ಆ ಪ್ರಯೋಗದ ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್ ಮುಖರ್ಜಿಯವರ ಟಿಪ್ಪಣಿಗಳನ್ನು ತಾವೇ ಓದಿ, ‘ಮೊದಲಿಗರು ಅವರು, ನಾನಲ್ಲ’ ಎಂದು 1997ರಲ್ಲಿ ಸಾರಿದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರಿಗೆ ಇಡುವುದು ವಿಜ್ಞಾನದಲ್ಲೂ ಅಪರೂಪವೇ.

ದಾನ ಎನ್ನುವ ಮಾತು

ಅಂಡಾಣು ದಾನವನ್ನು ರಕ್ತದಾನದಂತೆ ಹಗುರವೆಂದು ತಿಳಿಯಬಾರದು. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡಾಣು ಪಕ್ವವಾಗುತ್ತದೆ. ಒಟ್ಟಿಗೆ ಹಲವನ್ನು ಬೆಳೆಸಲು ಸುಮಾರು ಹತ್ತು ದಿನ ಹಾರ್ಮೋನ್ ಚುಚ್ಚುಮದ್ದು ಕೊಡುತ್ತಾರೆ. ಆಮೇಲೆ ಮತ್ತು ಬರಿಸಿ, ಸ್ಕ್ಯಾನಿಂಗಿನಲ್ಲಿ ನೋಡುತ್ತ ಸೂಜಿಯಿಂದ ಹೀರಿ ತೆಗೆಯುತ್ತಾರೆ. ಕೆಲವರಲ್ಲಿ ಅಂಡಾಶಯ ಅತಿಯಾಗಿ ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ಜೀವಕ್ಕೇ ಅಪಾಯವಾಗುವುದುಂಟು.

2022ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನಿನಂತೆ ದಾನಿಗೆ 23ರಿಂದ 35 ವರ್ಷ ವಯಸ್ಸಾಗಿರಬೇಕು. ಜೀವಮಾನದಲ್ಲಿ ಒಂದೇ ಸಲ ಕೊಡಬಹುದು. ತೆಗೆಯುವ ಅಂಡಾಣುಗಳು ಏಳನ್ನು ಮೀರಬಾರದು. ಮಾರಾಟ ಅಪರಾಧ. ಹಾಸ್ಟೆಲಿನಲ್ಲಿರುವ ಹೆಣ್ಣುಮಕ್ಕಳಿಗೆ ಯಾರಾದರೂ ‘ಫೀಸಿನ ದುಡ್ಡು ಸುಲಭವಾಗಿ ಸಿಗುತ್ತದೆ’ ಎಂದು ಆಸೆ ತೋರಿಸಿದರೆ ಈ ಅಂಕಿಗಳು ನೆನಪಿರಲಿ. ಇದು ಬರೀ ಅಂಜಿಕೆಯ ಮಾತಲ್ಲ. ನೆರೆಯ ತಮಿಳುನಾಡಿನ ಈರೋಡಿನಲ್ಲಿ 16 ವರ್ಷದ ಹುಡುಗಿಯೊಬ್ಬಳ ಆಧಾರ್ ಕಾರ್ಡಿನಲ್ಲಿ ವಯಸ್ಸು ತಿದ್ದಿ, ಹಲವು ಬಾರಿ ಅಂಡಾಣು ಮಾರಿಸಿದ ಸಂಗತಿ 2022ರಲ್ಲಿ ಬಯಲಿಗೆ ಬಂತು. ಬಂಧನಕ್ಕೊಳಗಾದವರಲ್ಲಿ ಅವಳ ತಾಯಿಯೂ ಇದ್ದಳು.

ಪರರಿಗಾಗಿ ಗರ್ಭ ಧರಿಸುವುದೂ ಈಗ ವ್ಯಾಪಾರವಲ್ಲ. ಒಮ್ಮೆ ಪರದೇಶದವರು ಸಾಲುಗಟ್ಟಿ ಬರುತ್ತಿದ್ದ ದೇಶ ನಮ್ಮದು. 2015ರಲ್ಲಿ ಅವರಿಗೆ ಬಾಗಿಲು ಮುಚ್ಚಿತು. ಈಗಿನ ಕಾನೂನಿನಲ್ಲಿ ಹೊರುವವಳು 25ರಿಂದ 35ರೊಳಗಿನ, ಮದುವೆಯಾದ, ಸ್ವಂತ ಮಗುವಿರುವ ಹೆಂಗಸಾಗಿರಬೇಕು. ಒಂದೇ ಸಲ ಹೊರಬೇಕು. ತನ್ನದೇ ಅಂಡಾಣು ಕೊಡುವಂತಿಲ್ಲ. ಆಸ್ಪತ್ರೆಯ ಖರ್ಚು, 36 ತಿಂಗಳ ವಿಮೆ ಬಿಟ್ಟು ಹಣ ಕೊಡುವಂತಿಲ್ಲ. ಇದರಿಂದ ಬಡ ಹೆಂಗಸರ ಶೋಷಣೆ ನಿಂತಿತೋ, ಅವರಿಗೆ ಬರುತ್ತಿದ್ದ ನಾಲ್ಕು ಕಾಸೂ ತಪ್ಪಿತೋ ಎಂಬ ಜಗಳ ಬಗೆಹರಿದಿಲ್ಲ. ಒಂಬತ್ತು ತಿಂಗಳ ಕಷ್ಟಕ್ಕೆ ವೈದ್ಯರಿಗೆ ಸಂಬಳವಿದೆ, ವಕೀಲರಿಗೆ ಫೀಸಿದೆ, ಹೊತ್ತವಳಿಗೆ ಮಾತ್ರ ಪುಣ್ಯ ಎನ್ನುವುದು ನನಗೆ ಸರಿಕಾಣುವುದಿಲ್ಲ. 2023ರ ಮಾರ್ಚಿನಲ್ಲಿ ದಾನಿಯ ಅಂಡಾಣು ಬಳಸಬಾರದೆಂಬ ನಿಯಮವೂ ಬಂತು. ಹುಟ್ಟಿನಿಂದ ಗರ್ಭಕೋಶವಿಲ್ಲದ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವೇ ನಿಯಮ ಸಡಿಲಿಸಿತು: ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣಪತ್ರ ಕೊಟ್ಟರೆ ದಂಪತಿಯಲ್ಲಿ ಒಬ್ಬರದು ದಾನಿಯದಾಗಬಹುದು.

ಮಗುವಿಗೆ ಹೇಳುವುದು ಯಾವಾಗ?

ಹೀಗೆ ಮಗು ಪಡೆದ ಅನೇಕರು ವಿಷಯವನ್ನು ಮುಚ್ಚಿಡುತ್ತಾರೆ. ‘ಬಂಜೆ’ ಎಂಬ ಮಾತು ಕೇಳಿ ಬೆಂದವರಿಗೆ ಆ ಭಯ ಸಹಜ. ಆದರೆ ಗುಟ್ಟು ರಟ್ಟಾಗಲು ಜೀವಶಾಸ್ತ್ರದ ಒಂದು ಪಾಠ ಸಾಕೆಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ. ರಕ್ತದ ಗುಂಪು ಎಬಿ ಆದ ತಾಯಿಗೆ ಓ ಗುಂಪಿನ ಮಗು, ತೀರ ಅಪರೂಪದ ಸಂದರ್ಭ ಬಿಟ್ಟರೆ, ಹುಟ್ಟುವುದಿಲ್ಲ. ಚುರುಕು ಹುಡುಗಿ ಹಾಳೆಯ ಮೇಲೆ ನಾಲ್ಕು ಚೌಕ ಹಾಕಿದರೆ ಎರಡು ನಿಮಿಷದ ಲೆಕ್ಕ. ಹದಿನಾರರಲ್ಲಿ ಶಾಲೆಯ ಬೆಂಚಿನ ಮೇಲೆ ಗೊತ್ತಾಗುವುದಕ್ಕಿಂತ ಐದಾರು ವರ್ಷಕ್ಕೇ ಅಮ್ಮನ ಬಾಯಿಂದ ಕಥೆಯಂತೆ ಕೇಳಿರುವುದು ಲೇಸು. ‘ನಿನ್ನನ್ನು ಪಡೆಯಲು ಇನ್ನೊಬ್ಬರು ಅಮ್ಮ ನಮಗೆ ಸಹಾಯ ಮಾಡಿದರು’ ಎಂದರೆ ಆ ವಯಸ್ಸಿಗೆ ಸಾಕು. ಉಳಿದದ್ದನ್ನು ಮಗುವೇ ಕೇಳುತ್ತಾ ಹೋಗುತ್ತದೆ. ಈ ಕಾರಣಕ್ಕಾಗಿಯೇ ನಾನು ರಕ್ತದ ಗುಂಪಿನ ಪಾಠದಲ್ಲಿ ಮಕ್ಕಳ ಮನೆಯವರ ಗುಂಪು ಕೇಳುವುದಿಲ್ಲ. ಕಪ್ಪುಹಲಗೆಯ ಮೇಲೆ ಒಂದು ಕಲ್ಪಿತ ಕುಟುಂಬ ಬರೆದು ಲೆಕ್ಕ ಮಾಡಿಸುತ್ತೇನೆ.