ಒಂದರ ಲೆಕ್ಕ ತಪ್ಪುವುದು ಏಕೆ?



ಮೊದಲು ಒಂದು ಪ್ರಶ್ನೆ. ಹೊಲದ ಒಂದು ಬದಿ 100 ಅಡಿ ಉದ್ದ ಇದೆ. ಅಲ್ಲಿ 10 ಅಡಿಗೆ ಒಂದರಂತೆ ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಬೇಕು. ಎಷ್ಟು ಕಂಬ ಬೇಕು? ಮುಂದೆ ಓದುವ ಮೊದಲೇ ಉತ್ತರ ಹೇಳಿಬಿಡಿ.

ನಮ್ಮ ತರಗತಿಯಲ್ಲಿ ಕೇಳಿದಾಗ ತುಂಬಾ ಜನ ನೂರನ್ನು ಹತ್ತರಿಂದ ಭಾಗಿಸಿ 10 ಅಂದರು. ಸರಿಯಾದ ಉತ್ತರ 11. ನಂಬಿಕೆ ಬರದಿದ್ದರೆ ನಿಮ್ಮ ಎಡಗೈ ನೋಡಿಕೊಳ್ಳಿ. ಬೆರಳು ಐದು, ಬೆರಳುಗಳ ನಡುವಿನ ಸಂದು ನಾಲ್ಕೇ. ಬೆರಳು ಅಂದರೆ ಕಂಬ, ಸಂದು ಅಂದರೆ ತಂತಿ ಎಳೆಯುವ ಜಾಗ. 100 ಅಡಿಯಲ್ಲಿ 10 ಸಂದು ಇವೆ. ಶುರುವಿನಲ್ಲೂ ಕಂಬ ಬೇಕು, ಕೊನೆಯಲ್ಲೂ ಬೇಕು. ಆದ್ದರಿಂದ ಕಂಬ ಒಂದು ಹೆಚ್ಚು.

ಹಾಗಾದರೆ ಯಾವಾಗಲೂ ಒಂದು ಕೂಡಿಸಿಬಿಟ್ಟರೆ ಆಯಿತಲ್ಲ ಅಂತೀರಾ? ತಾಳಿ. ನಾಲ್ಕೂ ಬದಿ 100 ಅಡಿ ಇರುವ ಚೌಕ ಹೊಲಕ್ಕೆ ಸುತ್ತಲೂ ಬೇಲಿ ಹಾಕಿ ನೋಡಿ. ಸುತ್ತಳತೆ 400 ಅಡಿ, ಸಂದು 40. ಕಂಬವೂ 40 ಸಾಕು, 41 ಬೇಡ. ಯಾಕೆಂದರೆ ಸುತ್ತಿ ಬಂದ ತಂತಿ ಮೊದಲನೇ ಕಂಬಕ್ಕೇ ಬಂದು ಸೇರುತ್ತದೆ.

ಈ ರೀತಿಯ ತಪ್ಪಿಗೆ ಕಂಪ್ಯೂಟರ್ ಕಲಿತವರು 'ಆಫ್ ಬೈ ಒನ್' ಎನ್ನುತ್ತಾರೆ. 'ಬೇಲಿ ಕಂಬದ ತಪ್ಪು' ಎಂಬ ಹೆಸರೂ ಇದೆಯಂತೆ. ನಾನು ಸುಲಭವಾಗಿ 'ಒಂದರ ತಪ್ಪು' ಎಂದು ಬರೆಯುತ್ತೇನೆ.

ರೋಮ್ ನಗರದ ಪುರೋಹಿತರು

ನಮ್ಮ ಅಜ್ಜಿ ಸೋಮವಾರದಿಂದ ಸೋಮವಾರಕ್ಕೆ ಎಂಟು ದಿನ ಅಂತಾರೆ. ನಾವು ಏಳು ದಿನ ಅಂತೀವಿ. ಇಬ್ಬರದೂ ಸರಿಯೇ. ಅಜ್ಜಿ ಎರಡೂ ಸೋಮವಾರಗಳನ್ನು ಸೇರಿಸಿ ಎಣಿಸುತ್ತಾರೆ, ನಾವು ಒಂದನ್ನು ಬಿಡುತ್ತೇವೆ. ಹೇಳುವವರು ಒಂದು ರೀತಿ, ಕೇಳುವವರು ಇನ್ನೊಂದು ರೀತಿ ಎಣಿಸಿದರೆ ಮಾತ್ರ ತೊಂದರೆ.

ಇಂಥ ತೊಂದರೆ ಹಿಂದೆ ರೋಮ್‌ನಲ್ಲಿ ಆಗಿತ್ತು. ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರ್ ಹೊಸ ಕ್ಯಾಲೆಂಡರ್ ಜಾರಿಗೆ ತಂದ. ನಾಲ್ಕು ವರ್ಷಕ್ಕೊಮ್ಮೆ ಅಧಿಕ ವರ್ಷ ಬರಬೇಕು ಎಂಬುದು ಅದರ ನಿಯಮ. ಮರು ವರ್ಷವೇ ಸೀಸರ್ ಕೊಲೆಯಾದ. ಕ್ಯಾಲೆಂಡರ್ ನೋಡಿಕೊಳ್ಳುತ್ತಿದ್ದ ಪುರೋಹಿತರು ನಮ್ಮ ಅಜ್ಜಿಯ ಹಾಗೆ ಎರಡೂ ತುದಿ ಸೇರಿಸಿ ಎಣಿಸುವವರು. ಹಿಂದಿನ ಅಧಿಕ ವರ್ಷವನ್ನೇ ಒಂದು ಅಂತ ಹಿಡಿದು ನಾಲ್ಕು ಎಣಿಸಿದರು. ಹೀಗಾಗಿ ಮೂರು ವರ್ಷಕ್ಕೊಮ್ಮೆ ಅಧಿಕ ವರ್ಷ ಬಂತು. 36 ವರ್ಷಗಳಲ್ಲಿ 9 ದಿನ ಸೇರಬೇಕಾದಲ್ಲಿ 12 ದಿನ ಸೇರಿದವು. ಕೊನೆಗೆ ಚಕ್ರವರ್ತಿ ಅಗಸ್ಟಸ್ 12 ವರ್ಷ ಅಧಿಕ ದಿನವೇ ಬೇಡ ಎಂದು ಆಜ್ಞೆ ಮಾಡಿ, ಹೆಚ್ಚಾದ 3 ದಿನಗಳನ್ನು ಸರಿಮಾಡಿದ.

ಮಗ್ಗಿ 63ಕ್ಕೆ ನಿಂತಿತು

ಈಗ ಕಂಪ್ಯೂಟರಿಗೆ ಬರೋಣ. ನಮ್ಮ ದೊಡ್ಡಪ್ಪನ ಮಗ ಅಣ್ಣ ಪೇಟೆಯಲ್ಲಿ ಓದುತ್ತಾನೆ. ರಜೆಯಲ್ಲಿ ಬಂದಾಗ ಹವ್ಯಾಸಕ್ಕೆ ಅಂತ ಚಿಕ್ಕ ಚಿಕ್ಕ ಪ್ರೋಗ್ರಾಂ ಬರೆಯುತ್ತಾನೆ. ಅವನ ಹತ್ತಿರ ಬೇಸಿಕ್ ಭಾಷೆಯ ಒಂದು ಹಳೇ ಪುಸ್ತಕ ಇದೆ. ಬೇಸಿಕ್ ಎಂಬುದು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹುಟ್ಟಿದ ಕಂಪ್ಯೂಟರ್ ಭಾಷೆ. ಅದರಲ್ಲಿದ್ದ ಮಗ್ಗಿಯ ಪ್ರೋಗ್ರಾಮನ್ನು ಅಣ್ಣ ಪೈಥಾನ್ ಭಾಷೆಗೆ ಬದಲಾಯಿಸಿದ. ಪೈಥಾನ್ 1991ರಲ್ಲಿ ಹೊರಬಂದದ್ದು.

ಏಳರ ಮಗ್ಗಿ ಕೇಳಿದೆವು. ಏಳೊಂದ್ಲ ಏಳರಿಂದ ಶುರುವಾಗಿ ಏಳೊಂಬತ್ಲ 63ಕ್ಕೇ ನಿಂತಿತು. 70 ಬರಲೇ ಇಲ್ಲ!

ಕಾರಣ ಇಷ್ಟೇ. ಬೇಸಿಕ್‌ಗೆ '1ರಿಂದ 10' ಅಂದರೆ ಹತ್ತನ್ನೂ ಸೇರಿಸಿ ಎಣಿಸುತ್ತದೆ. ಪೈಥಾನ್‌ನ 'ರೇಂಜ್'ಗೆ 1, 10 ಎಂದು ಕೊಟ್ಟರೆ ಹತ್ತು ಬಂದ ಕೂಡಲೇ ನಿಲ್ಲುತ್ತದೆ, ಹತ್ತನ್ನು ಸೇರಿಸುವುದಿಲ್ಲ. ಅಣ್ಣ 10 ಇದ್ದ ಕಡೆ 11 ಬರೆದ. 70 ಬಂತು.

ಹಾಜರಿ ಪಟ್ಟಿಯ ಮೊದಲ ಹೆಸರು

ಅಣ್ಣ ಅದಕ್ಕೂ ಮುಂಚೆ ನಮ್ಮ ತರಗತಿಗೆ ಹಾಜರಿ ಎಣಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದ. ಬಿಸಿಯೂಟಕ್ಕೆ ಎಷ್ಟು ಜನ ಎಂದು ಅದು ಹೇಳಬೇಕು. ನಾವು 32 ಮಕ್ಕಳು. ಎಲ್ಲರೂ ಬಂದ ಒಂದು ದಿನ ಅದು 31 ಅಂತ ತೋರಿಸಿತು. ಮೇಷ್ಟ್ರು ರಿಜಿಸ್ಟರ್ ನೋಡಿಯೇ ಅಡುಗೆಯವರಿಗೆ ಲೆಕ್ಕ ಕೊಡುವುದರಿಂದ ಊಟಕ್ಕೆ ತೊಂದರೆ ಆಗಲಿಲ್ಲ.

ಒಂದು ತಾನೇ, ಏನಾಯಿತು ಅಂತ ಕೆಲವರು ನಕ್ಕರು. ಆದರೆ ಆರರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ ತಲಾ 150 ಗ್ರಾಂ ಧಾನ್ಯದ ಲೆಕ್ಕ ಇದೆ. 20 ದಿನ ಒಬ್ಬರು ಬಿಟ್ಟುಹೋದರೆ 3 ಕಿಲೋ ಆಗುತ್ತದೆ. ಅದೂ ಅಲ್ಲದೆ, ಆ ಒಂದು ಅಂದರೆ ಯಾರು?

ಅಣ್ಣ ಮೊತ್ತ ಬಿಟ್ಟು, ಎಣಿಸಿದ ಪ್ರತಿಯೊಂದು ಹೆಸರನ್ನೂ ತೋರಿಸುವಂತೆ ಪ್ರೋಗ್ರಾಮಿಗೆ ಹೇಳಿದ. ಎಲ್ಲಾ ಹೆಸರೂ ಬಂದವು, ಪಟ್ಟಿಯ ಮೊದಲನೇ ಹುಡುಗಿಯ ಹೆಸರು ಮಾತ್ರ ಬರಲಿಲ್ಲ. "ನಾನು ದಿನಾ ಬರ್ತೀನಿ, ಇದಕ್ಕೆ ನಾನು ಕಾಣ್ಸೋದೇ ಇಲ್ವಾ?" ಅಂದಳು ಅವಳು. ಇನ್ನೊಂದು ವಿಚಿತ್ರ ನೋಡಿ. ಅವಳು ರಜೆ ಹಾಕಿದ ದಿನ ಆ ಪ್ರೋಗ್ರಾಂ ಸರಿಯಾದ ಲೆಕ್ಕವನ್ನೇ ಕೊಡುತ್ತಿತ್ತು! ಅದಕ್ಕೇ ತಪ್ಪು ಬೇಗ ಸಿಕ್ಕಿರಲಿಲ್ಲ.

ಅಲ್ಲೂ 'ರೇಂಜ್'ಗೆ 1, 32 ಎಂದು ಕೊಟ್ಟಿತ್ತು. ಮಗ್ಗಿಯಲ್ಲಿ ಮಾಡಿದ ಹಾಗೆ ಒಂದು ಕೂಡಿಸಿ 33 ಮಾಡಿ ಅಂತ ನನ್ನ ಗೆಳತಿ ಹೇಳಿದಳು. ಮಾಡಿದರೆ ಪ್ರೋಗ್ರಾಂ ಅರ್ಧಕ್ಕೇ ನಿಂತು, ಪಟ್ಟಿಯಲ್ಲಿ ಇಲ್ಲದ ಸಂಖ್ಯೆ ಎಂದು ದೂರು ಹೇಳಿತು. ಯಾಕೆ ಗೊತ್ತೇ? ಪೈಥಾನ್ ಪಟ್ಟಿಯ ಮೊದಲನೆಯದಕ್ಕೆ 0 ಎಂದು ಸಂಖ್ಯೆ ಕೊಡುತ್ತದೆ. 32 ಹೆಸರುಗಳ ಸಂಖ್ಯೆ 0ಯಿಂದ 31. 32ನೇ ಸಂಖ್ಯೆ ಅಲ್ಲಿ ಇಲ್ಲವೇ ಇಲ್ಲ. ತಪ್ಪು ಇದ್ದದ್ದು ಕೊನೆಯಲ್ಲಲ್ಲ, ಶುರುವಿನಲ್ಲಿ. 1, 32 ಇದ್ದದ್ದನ್ನು 0, 32 ಮಾಡಿದಾಗ ಎಲ್ಲರೂ ಬಂದರು.

ಸೊನ್ನೆಯಿಂದ ಯಾಕೆ ಎಣಿಸಬೇಕು?

ಪ್ರಾರ್ಥನೆಗೆ ಸಾಲಾಗಿ ನಿಂತಾಗ 'ನಿನ್ನ ಮುಂದೆ ಎಷ್ಟು ಜನ ಇದ್ದಾರೆ?' ಎಂದು ಒಬ್ಬೊಬ್ಬರನ್ನೂ ಕೇಳಿ. ಮೊದಲನೆಯವರು ಸೊನ್ನೆ ಅನ್ನಬೇಕು, ಎರಡನೆಯವರು ಒಂದು ಅನ್ನಬೇಕು. ಪೈಥಾನ್ ಕೊಡುವುದು ಈ ಸಂಖ್ಯೆ. ನಮ್ಮ ಸ್ಕೇಲ್ ಕೂಡ 0ಯಿಂದಲೇ ಶುರು. 15 ಸೆಂಟಿಮೀಟರ್ ಸ್ಕೇಲಿನಲ್ಲಿ ಸೆಂಟಿಮೀಟರಿನ ಗೆರೆಗಳನ್ನು ಎಣಿಸಿ, 16 ಇರುತ್ತವೆ. ನೆದರ್‌ಲ್ಯಾಂಡ್ಸ್ ದೇಶದ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ, 0ಯಿಂದ ಎಣಿಸುವುದೇ ಅನುಕೂಲ ಎಂದು 1982ರಲ್ಲಿ ಬರೆದರು. ಮೊದಲ ಸಂಖ್ಯೆಯನ್ನು ಸೇರಿಸಿ ಕೊನೆಯದನ್ನು ಬಿಟ್ಟರೆ, ಕೊನೆಯದರಿಂದ ಮೊದಲನೆಯದನ್ನು ಕಳೆದರೆ ಸಾಕು, ಲೆಕ್ಕ ಸಿಗುತ್ತದೆ. 32ರಲ್ಲಿ 0 ಕಳೆದರೆ 32. ಮಗ್ಗಿಯಲ್ಲಿ 11ರಲ್ಲಿ 1 ಕಳೆದರೆ 10. ಸರಿ ಬಂತಲ್ಲ!

ಒಂದರ ತಪ್ಪು ಹಿಡಿಯುವ ಬಗೆ

1. ಎರಡೂ ತುದಿ ನೋಡಿ. ನಡುವೆ ಇರುವವರು ಬಿಟ್ಟುಹೋಗುವುದಿಲ್ಲ. ಬಿಟ್ಟುಹೋಗುವುದು ಮೊದಲನೆಯವರು ಇಲ್ಲವೇ ಕೊನೆಯವರು.

2. ಚಿಕ್ಕ ಸಂಖ್ಯೆ ಹಾಕಿ ನೋಡಿ. ಅಣ್ಣ ಹಳೇ ಪ್ರೋಗ್ರಾಮಿಗೆ 32ರ ಬದಲು ಒಂದೇ ಹೆಸರಿನ ಪಟ್ಟಿ ಕೊಟ್ಟು, ರೇಂಜ್ 1, 1 ಮಾಡಿ ತೋರಿಸಿದ. ಅದು 0 ಎಂದಿತು. 32ರಲ್ಲಿ 31 ಬಂದರೆ ಕಣ್ಣು ತಪ್ಪಬಹುದು, ಒಂದರಲ್ಲಿ ಸೊನ್ನೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ.

3. ಬರೀ ಮೊತ್ತ ನಂಬಬೇಡಿ. ಯಾರು ಯಾರನ್ನು ಎಣಿಸಿದೆ ಎಂದು ಹೆಸರು ಹಿಡಿದು ಕೇಳಿ.

4. ಕಾರಣ ತಿಳಿಯದೆ ಒಂದು ಕೂಡಿಸಬೇಡಿ, ಕಳೆಯಬೇಡಿ. ಬೇಲಿ ನೇರವೋ ಸುತ್ತಲೋ ಎಂದು ಮೊದಲು ನೋಡಬೇಕು.

ಕಂಪ್ಯೂಟರ್ ಇಲ್ಲದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ. ಪ್ರವಾಸಕ್ಕೆ ಹೋದಾಗ ಬಸ್ಸಿನಲ್ಲಿ ತಲೆ ಎಣಿಸುವವರು ತಮ್ಮನ್ನೇ ಎಣಿಸಲು ಮರೆಯುತ್ತಾರೆ. ಎಣಿಸುವಾಗ ಯಾರೂ ಬಿಟ್ಟುಹೋಗಬಾರದು ಅಷ್ಟೇ.

ನೀವೇ ಮಾಡಿ ನೋಡಿ

ಅ) ಪುಸ್ತಕದ 25ನೇ ಪುಟದಿಂದ 40ನೇ ಪುಟ ಮುಗಿಯುವವರೆಗೆ ಓದಿದರೆ ಎಷ್ಟು ಪುಟ ಓದಿದ ಹಾಗಾಯಿತು?

ಆ) ಉದ್ದನೆಯ ಬಿದಿರನ್ನು ಅಡ್ಡಕ್ಕೆ 6 ತುಂಡು ಮಾಡಲು ಎಷ್ಟು ಸಲ ಕೊಯ್ಯಬೇಕು?

ಇ) ಕ್ರಿ.ಶ. 1ರ ಹಿಂದಿನ ವರ್ಷ ಕ್ರಿ.ಪೂ. 1. ನಡುವೆ ಸೊನ್ನೆ ವರ್ಷ ಇಲ್ಲ. ಹಾಗಾದರೆ 21ನೇ ಶತಮಾನ ಶುರುವಾದದ್ದು ಯಾವ ವರ್ಷ?

ಉತ್ತರ: ಅ) 16 ಪುಟ. ಆ) 5 ಸಲ. ಇ) 2001.

— ಏಳನೇ ತರಗತಿ