ಈಗ ಗಂಟೆ ಎಷ್ಟು ಎಂದು ಕೇಳಿ ಮೋಸಹೋದ ಕಂಪ್ಯೂಟರ್

ಕ್ಯಾಂಡಿ ಕ್ರಷ್ ಹುಚ್ಚು ಹಬ್ಬಿದ್ದ ದಿನಗಳಲ್ಲಿ ಮಕ್ಕಳೆಲ್ಲರಿಗೂ ಒಂದು ಕಳ್ಳದಾರಿ ಗೊತ್ತಿತ್ತು. ಐದು ಜೀವ ಮುಗಿದರೆ ಒಂದೊಂದು ಹೊಸ ಜೀವಕ್ಕೂ ಅರ್ಧ ಗಂಟೆ ಕಾಯಬೇಕು. ಕಾಯುವ ತಾಳ್ಮೆ ಯಾರಿಗಿದೆ? ಸೆಟ್ಟಿಂಗ್ಸ್‌ಗೆ ಹೋಗಿ ಫೋನಿನ ಗಡಿಯಾರವನ್ನು ಮೂರು ಗಂಟೆ ಮುಂದಕ್ಕೆ ತಿರುಗಿಸಿದರೆ ಐದೂ ಜೀವ ಕೈಗೆ ಬರುತ್ತಿದ್ದವು. ಆಟ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈಗ ಗಂಟೆ ಎಷ್ಟು? ಫೋನು ಹೇಳಿದ್ದನ್ನು ಅದು ನಂಬುತ್ತಿತ್ತು. ಬಾಗಿಲು ಕಾಯುವ ತಂತ್ರಾಂಶವೂ ಹೀಗೆಯೇ ನಂಬಿಬಿಟ್ಟರೆ?

ಕಂಪ್ಯೂಟರಿನೊಳಗೆ ಕಾಲ ಹುಟ್ಟುವುದು ಅಕ್ಕಿಕಾಳಿನಷ್ಟು ದೊಡ್ಡ ಕ್ವಾರ್ಟ್ಜ್ ಹರಳಿನಲ್ಲಿ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಉಳಿಯುವುದು ಒಂದು, ಅಂದರೆ ಸೆಕೆಂಡಿಗೊಂದು ಮಿಡಿತ. ಯಂತ್ರ ಆರಿಸಿದ್ದಾಗಲೂ ಪುಟ್ಟ ಬಟನ್ ಸೆಲ್ಲೊಂದು ಈ ಎಣಿಕೆಯನ್ನು ಜೀವಂತ ಇಡುತ್ತದೆ. ಯುನಿಕ್ಸ್ ಮನೆತನದ ಕಾರ್ಯಾಚರಣ ವ್ಯವಸ್ಥೆಗಳು, ಅಂದರೆ ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲವೂ, 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡು ಕಳೆಯಿತು ಎಂದು ಲೆಕ್ಕ ಇಡುತ್ತವೆ. ಅವುಗಳ ಪಾಲಿಗೆ ‘ಈಗ’ ಎಂದರೆ ಆ ಅಂಕಿ. ಅಂಕಿಯನ್ನು ತಿದ್ದಿದರೆ ‘ಈಗ’ ಕೂಡ ಬದಲಾಗುತ್ತದೆ.

ಸೆಲ್ ಸತ್ತ ಹಳೆಯ ಕಂಪ್ಯೂಟರನ್ನು ಹಚ್ಚಿದವರಿಗೆ ಇದರ ಅನುಭವ ಇರುತ್ತದೆ. ಮೂಲೆಯಲ್ಲಿ ಯಾವುದೋ ಹಳೆಯ ತಾರೀಖು; ಯಾವ ಜಾಲತಾಣಕ್ಕೆ ಹೋದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಜಾಲತಾಣ ಅಸಲಿ ಎಂದು ಸಾರುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ವಾಯಿದೆ ಇರುತ್ತದೆ. ತಾರೀಖು ತಪ್ಪಿದರೆ ಒಳ್ಳೆಯ ಪತ್ರವೂ ತಿರಸ್ಕಾರವಾಗುತ್ತದೆ. ಇದರ ಮಗ್ಗುಲಲ್ಲೇ ಅಪಾಯವೂ ಇದೆ. ಗಡಿಯಾರವನ್ನು ಬೇಕಾದಷ್ಟು ಹಿಂದಕ್ಕೆ ಎಳೆದರೆ, ವಾಯಿದೆ ತೀರಿದ ಕದ್ದ ಪತ್ರಕ್ಕೂ ಮತ್ತೆ ಜೀವ ಬರುತ್ತದೆ.

ಈ ಬಗೆಯ ತೂತಿಗೆ ನನಗೆ ತಿಳಿದ ಅತ್ಯಂತ ಸೊಗಸಾದ ಉದಾಹರಣೆ ಯುನಿಕ್ಸ್ ಮನೆತನದ ‘ಸುಡೊ’ ಆದೇಶದ್ದು. ಸಾಮಾನ್ಯ ಬಳಕೆದಾರನಿಗೆ ಗಳಿಗೆಯ ಮಟ್ಟಿಗೆ ಯಂತ್ರದ ಯಜಮಾನಿಕೆ ಕೊಡುವ ಆದೇಶ ಅದು. ಮೊದಲ ಸಲ ಪಾಸ್‌ವರ್ಡ್ ಕೇಳುತ್ತದೆ. ಆಮೇಲೆ ಪದೇ ಪದೇ ಪೀಡಿಸಬಾರದೆಂದು, ಆ ವೇಳೆಯನ್ನು ಒಂದು ಕಡತದಲ್ಲಿ ಗುರುತು ಹಾಕಿಕೊಂಡು ಮುಂದಿನ ಐದು ನಿಮಿಷ ಕೇಳದೆ ಒಳಬಿಡುತ್ತದೆ. ಕುರ್ಚಿ ಬಿಟ್ಟು ಏಳುವಾಗ ಆ ಗುರುತನ್ನು ರದ್ದು ಮಾಡುವ ಸೌಲಭ್ಯವೂ ಇದೆ. ರದ್ದು ಮಾಡುವುದೆಂದರೆ ವೇಳೆಯನ್ನು ಸೊನ್ನೆಗೆ, ಅಂದರೆ 1970ರ ಜನವರಿ 1ಕ್ಕೆ ತಳ್ಳುವುದು. 1970 ಎಂದೋ ಕಳೆದುಹೋಯಿತು, ಐದು ನಿಮಿಷದ ಗಡುವು ಮೀರಿಯೇ ಇರುತ್ತದೆ ಎಂಬ ಲೆಕ್ಕಾಚಾರ.

2013ರಲ್ಲಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಆಗಿನ ಮ್ಯಾಕ್‌ಗಳಲ್ಲಿ ಆಡಳಿತಗಾರ ಖಾತೆಯವರು ಪಾಸ್‌ವರ್ಡ್ ಕೊಡದೆಯೇ ದಿನಾಂಕ ಬದಲಿಸಬಹುದಿತ್ತು. ಹಿಂದೆಂದಾದರೂ ಸುಡೊ ಬಳಸಿದ್ದ ಖಾತೆ ತೆರೆದೇ ಉಳಿದಿದೆ ಎಂದುಕೊಳ್ಳಿ. ಅದರ ಮುಂದೆ ಕೂತ ಅಪರಿಚಿತ ಮೊದಲು ಗುರುತನ್ನು ರದ್ದು ಮಾಡುತ್ತಾನೆ. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ. ಬಳಿಕ ಗಡಿಯಾರವನ್ನೂ 1970ರ ಅದೇ ಮಧ್ಯರಾತ್ರಿಗೆ ಒಯ್ಯುತ್ತಾನೆ. ಸುಡೊ ನೋಡುತ್ತದೆ: ಗುರುತಿನಲ್ಲಿ 1970, ಈಗಲೂ 1970. ಇವರು ಇದೀಗ ತಾನೇ ಪಾಸ್‌ವರ್ಡ್ ಕೊಟ್ಟವರು ಎಂದು ಬಾಗಿಲು ತೆರೆಯುತ್ತದೆ. ಬೀಗ ಹಾಕಲೆಂದು ಮಾಡಿದ ಆದೇಶವೇ ಕೀಲಿಕೈಯಾಯಿತು. ಸುಡೊ ರೂಪಿಸುವವರು ಆ ವರ್ಷದ ಆರಂಭದಲ್ಲೇ ದೋಷ ತಿದ್ದಿದರು. ಆ್ಯಪಲ್‌ನ ತಿದ್ದುಪಡಿ ಬಂದದ್ದು ಸೆಪ್ಟೆಂಬರಿನಲ್ಲಿ.

1970ರ ಸೊನ್ನೆ ಮತ್ತೊಮ್ಮೆ ಕಾಡಿತು. ಆಗಿನ 64 ಬಿಟ್ ಐಫೋನಿನ ದಿನಾಂಕವನ್ನು 1970ರ ಜನವರಿ 1ಕ್ಕೆ ಇಟ್ಟು ಆರಿಸಿ ಹಚ್ಚಿದರೆ ಫೋನು ಏಳುವುದೇ ಇಲ್ಲ ಎಂಬುದು 2016ರ ಫೆಬ್ರುವರಿಯಲ್ಲಿ ಬಯಲಾಯಿತು. ಕೈಯಿಂದ ಮುಟ್ಟುವುದೂ ಬೇಕಿಲ್ಲ, ನಕಲಿ ವೈಫೈ ಸಾಕು ಎಂದು ಸಂಶೋಧಕರು ಐಪ್ಯಾಡ್‌ಗಳ ಮೇಲೆ ತೋರಿಸಿಕೊಟ್ಟರು.

ವೈಫೈಗೂ ಗಡಿಯಾರಕ್ಕೂ ಏನು ನಂಟು? ಹರಳು ದಿನವೂ ಅಷ್ಟಿಷ್ಟು ತಪ್ಪುವುದರಿಂದ ಯಂತ್ರಗಳು ಜಾಲದ ಮೇಲಿನ ಕಾಲದ ಸರ್ವರ್‌ಗಳನ್ನು ಆಗಾಗ ಕೇಳಿ ತಿದ್ದಿಕೊಳ್ಳುತ್ತವೆ. ಡೇವಿಡ್ ಮಿಲ್ಸ್ 1985ರಲ್ಲಿ ಪ್ರಕಟಿಸಿದ ಎನ್‌ಟಿಪಿ ಎಂಬ ಈ ಏರ್ಪಾಟಿನಲ್ಲಿ ಉತ್ತರ ಸಾಮಾನ್ಯವಾಗಿ ಮುದ್ರೆಯಿಲ್ಲದ ಕಾಗದದಂತೆ ಬರುತ್ತದೆ. ದಾರಿಯ ನಡುವೆ ಕೂತವನು ಅದನ್ನು ತಿದ್ದಿ ಕಳಿಸಬಹುದು. ಸಜ್ಜನ ಸರ್ವರ್‌ಗಳೂ ಎಡವುತ್ತವೆ: 2012ರ ನವೆಂಬರ್ 19ರಂದು ಅಮೆರಿಕದ ನೌಕಾ ವೀಕ್ಷಣಾಲಯದ ಎರಡು ಸರ್ವರ್‌ಗಳು ಕೆಲಹೊತ್ತು ಇದು 2000ನೇ ಇಸವಿ ಎಂದು ಸಾರಿದವು. ನಂಬಿದ ಯಂತ್ರಗಳು ಹನ್ನೆರಡು ವರ್ಷ ಹಿಂದಕ್ಕೆ ಬಿದ್ದವು.

ಮದ್ದು ಏನು? ನಮ್ಮ ಮದುವೆ ಮನೆಗಳಲ್ಲಿ ಹಿಂದೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ 24 ನಿಮಿಷಕ್ಕೆ ತುಂಬಿ ಮುಳುಗುತ್ತದೆ. ಅದಕ್ಕೆ ತಿಥಿ ವಾರ ಗೊತ್ತಿಲ್ಲ. ಎಷ್ಟು ಹೊತ್ತು ಕಳೆಯಿತು ಎಂಬುದಷ್ಟೇ ಗೊತ್ತು. ಕಾರ್ಯಾಚರಣ ವ್ಯವಸ್ಥೆಯಲ್ಲೂ ಇಂಥ ಇನ್ನೊಂದು ಎಣಿಕೆ ಇದೆ. ಯಂತ್ರ ಎದ್ದ ಕ್ಷಣದಿಂದ ಅದು ಮುಂದೆ ಮಾತ್ರ ಸಾಗುತ್ತದೆ. ದಿನಾಂಕ ಬದಲಿಸಿದರೆ ಅದು ಅಲುಗುವುದಿಲ್ಲ. ಐದು ನಿಮಿಷದ ಗಡುವನ್ನು ಕೇಳಬೇಕಾದದ್ದು ಇದನ್ನು. ಸುಡೊ ಮುಂದೆ ಇದಕ್ಕೇ ಹೊರಳಿತು. ಆದರೆ ಯಂತ್ರ ಆರಿಸಿ ಹಚ್ಚಿದರೆ ಈ ಬಟ್ಟಲು ಮತ್ತೆ ಬರಿದು. ಹಾಗಾಗಿ ಪ್ರಮಾಣಪತ್ರದ ವಾಯಿದೆಗೆ ಪಂಚಾಂಗ ಬೇಕೇ ಬೇಕು, ಅದು ನಂಬಿಗಸ್ತ ಮೂಲದಿಂದ ಬರಬೇಕು. 2020ರಲ್ಲಿ ಬಂದ ಎನ್‌ಟಿಎಸ್ ಎಂಬ ಮಾನಕ ಕಾಲದ ಉತ್ತರಕ್ಕೂ ಮುದ್ರೆ ಒತ್ತುತ್ತದೆ. ಭಾರತದಲ್ಲಿ ಕಂಪ್ಯೂಟರ್ ಸುರಕ್ಷತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ ನಿರ್ದೇಶನದಲ್ಲಿ ಸಂಸ್ಥೆಗಳ ಗಡಿಯಾರಗಳು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅಥವಾ ಸರ್ಕಾರದ ಮಾಹಿತಿ ಕೇಂದ್ರವಾದ ಎನ್‌ಐಸಿಯ ಕಾಲಕ್ಕೆ ಹೊಂದಿರಬೇಕು ಎಂದಿತು. ಏಕೆಂದರೆ ಕಳ್ಳತನ ನಡೆದ ಮೇಲೆ ಯಾರು ಮೊದಲು ಒಳಬಂದರು ಎಂದು ಹುಡುಕಲು ಹತ್ತು ಯಂತ್ರಗಳ ದಾಖಲೆಗಳನ್ನು ಜೋಡಿಸಬೇಕಾಗುತ್ತದೆ. ಹತ್ತೂ ಒಂದೊಂದು ಗಂಟೆ ಹೇಳಿದರೆ ಸಾಕ್ಷಿಯೇ ಇಲ್ಲ.